ಕೊಂಬೆಯ ಕೆಳಗಿನ ಕೋಣೆ

ಗಾಳಿಮಳೆಗೆ ಅಂಗಳದ ಹುಣಸೆ ಮರದ ದೊಡ್ಡ ಕೊಂಬೆ ಸಿಗಿದು ಬಿದ್ದ ದಿನದಿಂದ ಪಾಪು ಅಕ್ಕನ ನಿದ್ದೆ ಹಾರಿಹೋಗಿತ್ತು. ಅದೇನೋ ಪುಣ್ಯಕ್ಕೆ ರಸ್ತೆಯ ಕಡೆ ಬಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಅವಳ ಚಿಂತೆ ಉಳಿದ ಕೊಂಬೆಯದು. ಅದು ಚಾಚಿಕೊಂಡಿದ್ದದ್ದು ಮನೆ ಮುಂದಿನ ತಗಡಿನ ಕೋಣೆಯ ಮೇಲೆ. ಕೋಣೆಯೊಳಗೆ, ಕೆಲಸಕ್ಕೆ ಹೋಗುವ ತಾಯಂದಿರು ಅವಳನ್ನು ನಂಬಿ ಬಿಟ್ಟುಹೋದ ಕೂಸುಗಳ ತೊಟ್ಟಿಲುಗಳು. ಬೀದಿಯವರು ಅವಳನ್ನು ಪಾಪು ಅಕ್ಕ ಎನ್ನುತ್ತಿದ್ದದ್ದೂ ಅದಕ್ಕೇ. ಮರ ಕಡಿಸಿದರೆ ಆ ತಗಡಿನ ಕೆಳಗೆ ಬೇಸಿಗೆಯಲ್ಲಿ ಬೆಕ್ಕೂ ಮಲಗುವುದಿಲ್ಲ. ಉಳಿಸಿದರೆ ಜೀವ ಕೈಯಲ್ಲಿ ಹಿಡಿದು ಕೂರಬೇಕು.

ಸಲಹೆಗೇನೂ ಬರವಿರಲಿಲ್ಲ. ಸೌದೆ ಅಂಗಡಿಯವನು ಬುಡಕ್ಕೇ ಗರಗಸ ಹಾಕಬೇಕೆಂದ. ಹೇಳುವಾಗ ಅವನ ಕಣ್ಣು ಕಾಂಡದ ಸುತ್ತಳತೆ ತೆಗೆಯುತ್ತಿತ್ತು. ಸಸಿ ಮಾರುವವನು, ಗಾಯಕ್ಕೆ ಡಾಂಬರು ಬಳಿದು ಬುಡಕ್ಕೆ ತನ್ನ ಅಂಗಡಿಯ ಟಾನಿಕ್ ಸುರಿದರೆ ಸಾಕೆಂದ. ಪಾಪು ಅಕ್ಕ ದಡ್ಡಿಯಲ್ಲ. ಯಾವ ಸಲಹೆಯಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಮೊದಲು ನೋಡುವವಳು. ಹಾಗೆ ಜರಡಿ ಹಿಡಿದಾಗ ಉಳಿದವನು ಅಣ್ಣನೊಬ್ಬನೇ. ಗಾರೆ ಕೆಲಸದವನು, ತಂಗಿಗಾಗಿ ಆ ಕೋಣೆ ಕಟ್ಟಿಕೊಟ್ಟವನು, ತನ್ನ ಮಗಳನ್ನೂ ಅಲ್ಲೇ ಬಿಟ್ಟುಹೋಗುವವನು. ಗಾಯದ ಪೊಟರೆಗೆ ಸಿಮೆಂಟು ತುಂಬಿದರೆ ಮರ ಬಂಡೆಯ ಹಾಗೆ ನಿಲ್ಲುತ್ತದೆ ಎಂದು ಅವನು ಹೇಳಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಆ ಕೋಣೆ ಅವನ ಕೈಕೆಲಸದ ಹೆಮ್ಮೆ ಎನ್ನುವುದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಆದರೂ ಮನಸ್ಸು ಕೇಳಲಿಲ್ಲ. ಕೂಸೊಂದರ ತಾಯಿ ಹೇಳಿದ ಮರದ ಡಾಕ್ಟರಮ್ಮನನ್ನು ಕರೆಸಿದಳು. ಆಕೆ ಗಾಯವನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಸುತ್ತಿಗೆಯಿಂದ ಕಾಂಡ ತಟ್ಟಿ ಕಿವಿಗೊಟ್ಟಳು, ಏಣಿ ಹತ್ತಿ ಉಳಿದ ಕೊಂಬೆಯ ಕವಲು ಸವರಿದಳು. ಅಲ್ಲಿ ಉಗುರು ತೂರುವಷ್ಟು ಬಿರುಕಿತ್ತು. ಸಿಮೆಂಟು ಬೇಡವೇ ಬೇಡ ಎಂದಳು. ಮರ ಗಾಳಿಗೆ ಆಡುತ್ತದೆ, ಸಿಮೆಂಟು ಆಡುವುದಿಲ್ಲ, ನಡುವೆ ನೀರು ನಿಂತು ಒಳಗೊಳಗೇ ಕೊಳೆಯುತ್ತದೆ. ಡಾಂಬರೂ ಬೇಡ, ಗಾಯದ ಅಂಚನ್ನು ಮರವೇ ಬೆಳೆಸಿಕೊಳ್ಳುತ್ತದೆ. ಕೊಂಬೆಯ ತುದಿಭಾರ ಇಳಿಸಿ ಉಕ್ಕಿನ ಹಗ್ಗ ಬಿಗಿದರೆ ಮರ ಬದುಕೀತು.

"ಬದುಕೀತು ಅಂದ್ರೆ? ಕೊಂಬೆ ಬೀಳಲ್ಲ ಅಲ್ವಾ?"

"ಹಾಗಂತ ಮಾತು ಕೊಡೋಕಾಗಲ್ಲಮ್ಮ. ಕೆಲಸ ಮುಗಿಸಿ ನಾನು ಇನ್ನೊಂದ್ಸಲ ನೋಡೋವರೆಗೂ ಆ ಕೋಣೇಲಿ ಯಾರನ್ನೂ ಮಲಗಿಸಬೇಡಿ."

ಆಕೆ ಹೋದ ಬೆನ್ನಿಗೇ ಅಣ್ಣ ಸಿಮೆಂಟು ಚೀಲ ಹೊತ್ತು ಬಂದ. ವಿಷಯ ಕೇಳಿ ಮುಖ ಸಿಂಡರಿಸಿದ. ಹೆದರಿಸಿಯೇ ಹೊಟ್ಟೆ ಹೊರೆಯುವ ಜನ ಇವರು, ಮಾತು ಕೊಡಲಾಗದವಳು ಎಂಥ ಡಾಕ್ಟರು, ಬೇಕಾದರೆ ನಾನು ಕೊಡುತ್ತೇನೆ ಎಂದ. ಒಳಗೆ ಕೂಸುಗಳು ಆಗಷ್ಟೇ ಕಣ್ಣು ಮುಚ್ಚಿದ್ದವು. ಹಿಂದಿನ ಇಕ್ಕಟ್ಟಿನ ಕೋಣೆಗೆ ಎತ್ತಿಕೊಂಡು ಹೋದರೆ ಸೂರು ಕಿತ್ತುಹೋಗುವಂತೆ ಅಳುತ್ತವೆ. ಅಣ್ಣನ ಮಾತೇ ನಿಜವಾಗಿರಬಾರದೇ ಎಂದು ಪಾಪು ಅಕ್ಕನಿಗೆ ಆಸೆಯಾಯಿತು. ಅಷ್ಟರಲ್ಲಿ ಗಾಳಿ ಬೀಸಿ ಮೇಲೆ ಕೊಂಬೆ ನರಳಿತು.

"ಅಣ್ಣಾ, ನೀನು ಸಿಮೆಂಟ್ ತುಂಬು, ಬೇಡ ಅನ್ನಲ್ಲ. ಆಮೇಲೆ ನಿನ್ನ ಮಗಳ ತೊಟ್ಟಿಲನ್ನ ಸರಿಯಾಗಿ ಆ ಕೊಂಬೆ ಕೆಳಗೇ ಇಡ್ತೀನಿ. ಆಗಬಹುದಾ?"

ಅಣ್ಣ ತಲೆಯೆತ್ತಿ ಕೊಂಬೆಯನ್ನು ನೋಡಿದ. ಚೀಲ ಕೆಳಗಿಟ್ಟು ಒಳಗೆ ಹೋದ, ಮಗಳನ್ನು ಎದೆಗವಚಿಕೊಂಡು ಹೊರಬಂದ, ಅಂಗಳ ದಾಟಿ ಗೇಟಿನವರೆಗೂ ಹೋಗಿಬಿಟ್ಟ. ಅಲ್ಲಿ ನಿಂತು ತಿರುಗಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಉಳಿದ ಕೂಸುಗಳೆಲ್ಲ ಕೋಣೆಯಲ್ಲೇ ಇದ್ದವು.

ಬೈಯಲು ಬಾಯಿ ತೆರೆದ ಪಾಪು ಅಕ್ಕ ಹಾಗೆಯೇ ಮುಚ್ಚಿದಳು. ಇಷ್ಟು ದಿನ ಯಾರ ಮಾತು ನಂಬಲಿ ಎಂದು ತಲೆ ಕೆಡಿಸಿಕೊಳ್ಳುತ್ತ, ದಿನವೂ ಆ ಕೂಸುಗಳನ್ನು ಅದೇ ಕೊಂಬೆಯ ಕೆಳಗೆ ತೂಗಿ ಮಲಗಿಸಿದವಳು ಅವಳೇ. ಅವುಗಳಲ್ಲಿ ಒಂದಾದರೂ ಅವಳ ಹೊಟ್ಟೆಯಲ್ಲಿ ಹುಟ್ಟಿದ್ದರೆ ಹಾಗೆ ಮಾಡುತ್ತಿದ್ದಳೇ? ನಾಚಿಕೆಯಿಂದ ಅವಳ ಮೈ ಸುಟ್ಟಂತಾಯಿತು. ಓಡಿಹೋಗಿ ಕೈಗೆ ಸಿಕ್ಕ ಎರಡು ಕೂಸುಗಳನ್ನು ಬಾಚಿಕೊಂಡಳು. ಬಾಗಿಲಲ್ಲಿ ಅಣ್ಣ ಎದುರಾದ, ಮಗಳು ಇನ್ನೂ ಅವನ ಹೆಗಲ ಮೇಲಿದ್ದಳು. ಖಾಲಿಯಿದ್ದ ಕೈ ಚಾಚಿ, "ನನಗೂ ಒಂದನ್ನ ಕೊಡೇ," ಎಂದ.