ಗುಲ್ನಾಜ್ ಮನೆಯ ಆರದ ಕಂಪ್ಯೂಟರ್

ಶಹಾಪುರದಲ್ಲಿ ಕರೆಂಟ್ ಹೋದರೆ ಎಲ್ಲರೂ ಬೀಸಣಿಗೆ ಹುಡುಕುತ್ತಾರೆ. ಗುಲ್ನಾಜ್ ಕಂಪ್ಯೂಟರ್ ಕಡೆ ಓಡುತ್ತಾಳೆ. ಮನೆಯಲ್ಲೇ ಕುಳಿತು ಮದುವೆ ಕಾರ್ಡು ಸಿದ್ಧಪಡಿಸಿ ಪ್ರೆಸ್ಸಿಗೆ ಕಳಿಸುವುದು ಅವಳ ಕೆಲಸ. ಆ ಕಂಪ್ಯೂಟರನ್ನು ಅವಳು ಹಗಲು ರಾತ್ರಿ ಆರಿಸುವುದೇ ಇಲ್ಲ. ಕರೆಂಟ್ ಹೋದೊಡನೆ, ಸ್ವಲ್ಪ ಹೊತ್ತು ಮಾತ್ರ ಅದನ್ನು ನಡೆಸುವ ಬ್ಯಾಟರಿ ಪೆಟ್ಟಿಗೆ, ಯುಪಿಎಸ್, ಕೂಗುತ್ತದೆ. ಮಾಡಿದ್ದನ್ನು ಉಳಿಸಿಡಲು ಅವಳು ಒಲೆ ಬಿಟ್ಟು ಏಳಬೇಕು, ನಿದ್ದೆ ಬಿಟ್ಟು ಏಳಬೇಕು. ಬೇಸಿಗೆ ಶುರುವಾದಾಗಿನಿಂದ ನೆಟ್ಟಗೆ ಮಲಗಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಉಮಾ ಬಂದಳು. ಪಂಚಾಯಿತಿ ಕಚೇರಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಗುಲ್ನಾಜ್ ಕೊಟ್ಟ ಚಹಾ ಕುಡಿದು ಮುಖ ಕಿವುಚಿದಳು.

"ಏನವಾ, ಚಹಾ ಕೊಟ್ಟಿಯೋ ಸಾರು ಕೊಟ್ಟಿಯೋ? ಉಪ್ಪು ಹಾಕಿಯಲ್ಲ!"

"ನಿದ್ದಿಗಣ್ಣಾಗ ಅಡಗಿ ಮಾಡಾಕತ್ತಾಳ," ಎಂದಳು ಅತ್ತೆ ದಾವಲಬೀ. "ನಿನ್ನೆ ಬಿಸಿ ಎಣ್ಣಿ ಕೈಮ್ಯಾಲ ಚೆಲ್ಲಿಕೊಂಡಾಳ. ಆ ಡಬ್ಬಿ ಆರಿಸಿ ಮಲಕ್ಕೋ ಅಂದ್ರ ಕೇಳವಲ್ಲಳು."

ಗುಲ್ನಾಜ್ ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಆರಿಸಿದ್ರ ಮತ್ತ ಏಳಂಗಿಲ್ಲ ಉಮಕ್ಕ. ಹೋದ ವರ್ಷ ಹಂಗೇ ಆತು. ವಡಗೇರಾದವರ ಕಾರ್ಡು ಅದರಾಗೇ ಹೋತು. ಅವರು ಮನಿ ಮುಂದ ನಿಂತು ಬೈದು ಹೋದ್ರು."

"ಹೆಂಗ ಆರಿಸಿದ್ರಿ?"

ಊಟಕ್ಕೆ ಬಂದಿದ್ದ ಗಂಡ ಮುಜಫರ ತಲೆ ಕೆರೆದುಕೊಂಡ. "ನಾನೇ ಗ್ವಾಡಿ ಸ್ವಿಚ್ ಒತ್ತಿದೆ. ಫ್ಯಾನಿಗೂ ಹಂಗೇ ಮಾಡ್ತೀವಲ್ರಿ."

"ಇದು ಫ್ಯಾನ್ ಅಲ್ಲಣ್ಣ. ಮೊದಲ ಕೆಲಸ ಉಳಿಸಿ, ಸ್ಕ್ರೀನ್ ಮ್ಯಾಲಿನ ಶಟ್‌ಡೌನ್ ಒತ್ತಬೇಕು. ಅದು ತಾನಾಗೇ ಆರಿದ ಮ್ಯಾಲ ಗ್ವಾಡಿ ಸ್ವಿಚ್."

"ಬ್ಯಾಡಕ್ಕ. ನಾ ಆರಿಸಂಗಿಲ್ಲ."

"ನೀ ಆರಿಸದಿದ್ರ ಕರೆಂಟ್ ಆರಿಸ್ತದ. ಯುಪಿಎಸ್ ಎಷ್ಟೊತ್ತು ತಡೀತದ? ಹೊಡತ ಬೀಳೋದು ಆವಾಗ."

ಧೂಳು ಬೀಳದಿರಲೆಂದು ದಾವಲಬೀ ಕಂಪ್ಯೂಟರ್ ಪೆಟ್ಟಿಗೆಗೆ ಹೊದಿಸಿದ್ದ ಬಟ್ಟೆಯನ್ನು ಉಮಾ ಮುಟ್ಟಿ ನೋಡಿದಳು. ಬಿಸಿಯಾಗಿತ್ತು.

"ಚಾಚಿ, ಇಂಥಾ ಬಿಸಲಾಗ ನಿಮಗ ಕಂಬಳಿ ಹೊಚ್ಚಿದ್ರ ಸುಮ್ನ ಇರ್ತೀರೇನು? ಆರಿಸಿ, ತಣ್ಣಗಾದ ಮ್ಯಾಲ ಹೊಚ್ಚರಿ."

ಎಲ್ಲ ಕಾರ್ಡುಗಳನ್ನೂ ಉಮಾ ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ ಮೇಲೆ ಗುಲ್ನಾಜ್ ಶಟ್‌ಡೌನ್ ಒತ್ತಿದಳು. ಪರದೆ ಕಪ್ಪಾಯಿತು. ತಿಂಗಳುಗಟ್ಟಲೆ ಗುಂಯ್‌ಗುಟ್ಟಿದ್ದ ಸದ್ದು ನಿಂತಿತು.

"ಹೋತೇನ್ರಿ?" ಮುಜಫರ ಪಿಸುಗುಟ್ಟಿದ.

"ತಡೀರಿ. ಚಹಾ ಆಗ್ಲಿ, ಸಕ್ಕರಿ ಹಾಕಿದ್ದು."

ದಾವಲಬೀ ಮಾಡಿದ ಚಹಾ ಮುಗಿಸಿ ಉಮಾ ಕಂಪ್ಯೂಟರ್ ಚಾಲೂ ಮಾಡಿದಳು. ಪರದೆ ಬೆಳಗಿತು. ಕಾರ್ಡುಗಳೆಲ್ಲ ಹಾಗೆಯೇ ಇದ್ದವು.

"ಗುಲ್ನಾಜ್, ನೋಡಿಲ್ಲಿ!" ಎಂದು ಮುಜಫರ ತಿರುಗಿದ.

ಅವಳು ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ಎಬ್ಬಿಸಲು ಹೋದ ಮಗನನ್ನು ದಾವಲಬೀ ತಡೆದಳು. "ಸೋನೇ ದೇ ಉಸ್ಕು. ಮಲಗಲಿ ಬಿಡು."

"ಮತ್ತ ಇದು?"

"ಆರಿಸಣ್ಣ," ಎಂದಳು ಉಮಾ. ಮುಜಫರ ಗೋಡೆಯ ಕಡೆ ಹೋಗಲಿಲ್ಲ. ಕುರ್ಚಿಯ ಮೇಲೆ ಕುಳಿತು, ಅಂಜುತ್ತಲೇ, ಪರದೆಯ ಮೇಲೆ ಆರಿಸಿದ.

ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಇರಬಹುದು. ಸ್ವಲ್ಪ ಹೊತ್ತು ಎದ್ದುಹೋಗುವಾಗ ಕೆಲಸ ಉಳಿಸಿ, ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿಡುವ ಸ್ಲೀಪ್‌ಗೆ ಹಾಕಿದರೆ ಸಾಕು. ದಿನದ ಕೆಲಸ ಮುಗಿದ ಮೇಲೆ ನಕಲು ತೆಗೆದಿಟ್ಟು, ಸರಿಯಾದ ಕ್ರಮದಲ್ಲಿ ಆರಿಸಿ. ಹೀಗೆ ಆರಿಸಿದ ಮಾತ್ರಕ್ಕೆ ಅದು ಕೆಡುವುದಿಲ್ಲ. ಅದನ್ನು ಕಾಯುತ್ತ ನಿಮ್ಮಲ್ಲಿ ಯಾರು ನಿದ್ದೆಗೆಟ್ಟಿದ್ದಾರೋ, ಇಂದು ಅವರನ್ನು ಮಲಗಲು ಬಿಡಿ.