ಹೂತದ್ದನ್ನು ಉಟ್ಟವರು

"ಏನೇ, ನಿಮ್ಮಪ್ಪನ ಮದುವೆ ನೋಡ್ತಾ ನಿಂತಿದೀಯಾ? ಬೇಗ ಮುಚ್ಚೇ, ಕೊಳಕು ಮುಂಡೇದೇ!"

ಜಮೀನಿನ ಒಡೆಯ ತೀಲ್ಕೆ ಬೇಲಿಯಾಚೆಯಿಂದಲೇ ಕಿರುಚಿದ. ಗುಂಡಿಯಲ್ಲಿ ಸೊಂಟಮಟ್ಟ ನಿಂತಿದ್ದ ಜಂಫಿರಾ ತಲೆಯೆತ್ತಲಿಲ್ಲ. ರೊಮೇನಿಯಾದಿಂದ ಬಸ್ಸು ಹತ್ತಿ ಈ ಜರ್ಮನ್ ಹೊಲಕ್ಕೆ ಆಸ್ಪರಾಗಸ್ ಎಂಬ ತರಕಾರಿಯ ದಂಟು ಕೀಳಲು ಬರತೊಡಗಿ ಹನ್ನೊಂದು ವರ್ಷವಾಗಿತ್ತು. ಬೈಗುಳಕ್ಕೆ ಸಾಲುವಷ್ಟು ಭಾಷೆ ಬಂದಿತ್ತು. ದಂಟು ಬಿಳಿಯಾಗಿಯೇ ಇರಲೆಂದು ಮಣ್ಣಿನ ಏರಿಗಳಿಗೆ ಹೊದಿಸುವ ಪ್ಲಾಸ್ಟಿಕ್ಕು ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬಿಳಿ. ಅದು ಹರಿದರೆ ದುಡ್ಡು ಕೊಟ್ಟು ಕಸದ ಕಾರ್ಖಾನೆಗೆ ಸಾಗಿಸಬೇಕು. ತೀಲ್ಕೆ ಮಾತ್ರ ವರ್ಷಾವರ್ಷ ಬೇಲಿಬುಡದಲ್ಲಿ ಹೂಳಿಸುತ್ತಿದ್ದ.

"ನಿಮ್ಮವ್ವ ಹೂತ ಆರೇ ವರ್ಷಕ್ಕೆ ಮಣ್ಣಾದ್ಲು ಕಣೇ," ಎಂದಳು ಜಂಫಿರಾ, ಗುಂಡಿಯಿಂದ ಹಳೆಯ ಪ್ಲಾಸ್ಟಿಕ್ ಚೂರೊಂದನ್ನು ಎಳೆದು, ಪಕ್ಕದಲ್ಲಿದ್ದ ನಾದಿನಿ ಫ್ಲೋರಿಕಾಗೆ. "ಇದ್ನ ನೋಡು, ನಾನು ಬಂದ ಮೊದಲ್ನೇ ವರ್ಸ ಹೂತಿದ್ದು. ಇನ್ನೂ ಹಂಗೇ ಅದೆ."

"ನಮ್ಮವ್ವನೇ ಹಟಮಾರಿ ಅಂದ್ಕಂಡಿದ್ದೆ ಅತ್ಗೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತೀಲ್ಕೆ ಮತ್ತೆ ಬೈದ.

ಮುಂದಿನ ಭಾನುವಾರ ಹೊಲ ನೋಡಲು ಪೇಟೆಯ ಜನ ಬಂದರು. ಬಾಗಿಲಲ್ಲಿ 'ನಾವು ಮಣ್ಣು ಕಾಯುವವರು' ಎಂಬ ಹೊಸ ಬೋರ್ಡು. ಕನ್ನಡಕದ ಮುದುಕಿಯೊಬ್ಬಳು ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೂರು ತೋರಿಸಿ ಇದೇನೆಂದು ಕೇಳಿದಳು.

"ನಮ್ಮ ಜಿಪ್ಸಿ ಕೂಲಿಯವರು ಮೇಡಂ. ಎಲ್ಲಿರ್ತಾರೋ ಅಲ್ಲೇ ಕಸ. ಹೇಳಿ ಹೇಳಿ ಸಾಕಾಗಿದೆ," ಎಂದ ತೀಲ್ಕೆ.

ಪಕ್ಕದಲ್ಲೇ ದಂಟು ಸುಲಿಯುತ್ತಿದ್ದ ಜಂಫಿರಾಗೆ ಮೈಯೆಲ್ಲ ಉರಿದುಹೋಯಿತು. ಮಾಡಿದವನು ಯಾರೋ, ಹೆಸರು ಯಾರಿಗೋ! ತೀಲ್ಕೆ ಅವಳ ಹತ್ತಿರ ಬಂದು ಹಲ್ಲು ಕಿರಿದ. "ಮೂರು ಗಂಟೆಗೆ ನಿಮ್ಮ ಊರಿನದು ಏನಾದ್ರೂ ಕುಣೀರಿ. ಮಾತು ಗೀತು ಆಡಿದ್ರೆ ಸಂಜೆ ಬಸ್ಸು ಹತ್ತಿಸಿಬಿಡ್ತೀನಿ, ಗೊತ್ತಲ್ಲ?"

ಆ ಬಸ್ಸು ಹತ್ತಿದರೆ ಮುಂದಿನ ವರ್ಷದ ಕೆಲಸವೂ ಹೋದಂತೆ. ಜಂಫಿರಾ ಎರಡು ದಂಟು ಸುಲಿದಳು. ಮೂರನೆಯದನ್ನು ಬುಟ್ಟಿಗೆ ಎಸೆದು ಎದ್ದಳು.

"ಫ್ಲೋರಿಕಾ, ಆರು ವಾರದಿಂದ ಒಂದು ಹನಿ ಮಳೆ ಇಲ್ಲ. ಪಾಪರೂಡ ಕಟ್ಟಾನ ಬಾ."

"ಮೈಗೆ ಸುತ್ಕೊಳಕ್ಕೆ ಸೊಪ್ಪು ಎಲ್ಲಿ ಅದೆ ಅತ್ಗೆ?"

"ಸೊಪ್ಪು ಯಾಕೆ? ಗುದ್ದಲಿ ತಗಾ."

ಅವರ ಕಡೆ ಮಳೆ ಹೋದರೆ ಹೆಂಗಸರು ತಲೆಯಿಂದ ಪಾದದವರೆಗೆ ಸೊಪ್ಪು ಸುತ್ತಿಕೊಂಡು ಮನೆಮನೆ ಮುಂದೆ ಕುಣಿಯುವುದುಂಟು, ಅದೇ ಪಾಪರೂಡ. ಮನೆಯ ಯಜಮಾನ ಅವರ ಮೇಲೆ ನೀರು ಸುರಿಯಲೇಬೇಕು. ಸುರಿಯದ ಮನೆಯ ಹೊಲಕ್ಕೆ ಮಳೆಯಿಲ್ಲ.

ಮೂರಕ್ಕೆ ಸರಿಯಾಗಿ ಜಂಫಿರಾ ಸೇರಿ ಒಂಬತ್ತು ಕೂಲಿ ಹೆಂಗಸರು ಅಂಗಳಕ್ಕೆ ಬಂದರು. ಮೈತುಂಬ ಮಣ್ಣು ಮೆತ್ತಿದ ಉದ್ದುದ್ದ ಪಟ್ಟಿಗಳು. ಫ್ಲೋರಿಕಾ ಬಕೆಟ್ಟನ್ನೇ ತಮಟೆ ಮಾಡಿಕೊಂಡು ಬಡಿದಳು. ಜನಕ್ಕೆ ಖುಷಿಯೋ ಖುಷಿ, ಚಪ್ಪಾಳೆ. ತೀಲ್ಕೆಗೂ ಮೊದಲು ಹೊಳೆಯಲಿಲ್ಲ, ಅವನೂ ತಲೆಯಾಡಿಸಿದ.

ಜಂಫಿರಾ ತುಂಬಿದ ಕೊಡವನ್ನು ಅವನ ಕೈಗಿಟ್ಟು, ಇರುವಷ್ಟು ಜರ್ಮನ್ನಿನಲ್ಲಿ ಪದ್ಧತಿ ಹೇಳಿದಳು. ಜನ "ಸುರೀರಿ, ಸುರೀರಿ!" ಎಂದು ಕೂಗಿದರು. ಅವನು ಸುರಿದ.

ಮೆತ್ತಿದ್ದ ಮಣ್ಣು ಇಳಿದುಹೋಯಿತು. ಹೆಂಗಸರ ಮೈಮೇಲೆ ಪ್ಲಾಸ್ಟಿಕ್ಕು ಫಳಫಳ ಹೊಳೆಯಿತು, ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಬಿಳಿ. ಹಿಂದಿನ ಹೊಲದ ತುಂಬ ಅದೇ ಹೊದಿಕೆ. ಚಪ್ಪಾಳೆ ನಿಂತಿತು.

"ಇದು ಎಲ್ಲಿಂದ ಬಂತಮ್ಮ?" ಎಂದಳು ಕನ್ನಡಕದ ಮುದುಕಿ.

"ನಮ್ಮೂರಿಂದ ತಂದಿದ್ದಲ್ಲ ತಾಯಿ. ಹನ್ನೊಂದು ವರ್ಷದ್ದು ಅದೆ. ಬನ್ನಿ, ತೋರಿಸ್ತೀನಿ."

"ಬಾಯ್ಮುಚ್ಚೇ!" ತೀಲ್ಕೆಯ ಮುಖ ಕೆಂಪೇರಿತು. "ಇವತ್ತೇ ಬಸ್ಸು!"

"ಬಸ್ಸು ಆರು ಗಂಟೆಗೆ ಸಾಮಿ," ಎಂದಳು ಜಂಫಿರಾ ನಗುತ್ತ. "ಈಗಿನ್ನೂ ಮೂರೂವರೆ. ನೀವೂ ಬನ್ನಿ, ಅಗೆಯಕ್ಕೆ ಆಳು ಸಾಲಲ್ಲ."

ಫ್ಲೋರಿಕಾ ಮತ್ತೆ ಬಕೆಟ್ಟು ಬಡಿದಳು. ಜಂಫಿರಾ ನೀರು ತೊಟ್ಟಿಕ್ಕಿಸುತ್ತ, ಸೊಂಟ ಕುಣಿಸುತ್ತ ಬೇಲಿಯ ಕಡೆ ಹೊರಟಳು. ಪೇಟೆಯ ಜನ ಒಬ್ಬೊಬ್ಬರಾಗಿ ಅವಳ ಹಿಂದೆ ನಡೆದರು.