ಕೊಕ್ಕೆ ಹಲಗೆಯ ಎತ್ತರ

ನಮ್ಮ ಮನೆಯಲ್ಲಿ ಎಲ್ಲವೂ ಎರಡೆರಡು ಎತ್ತರದಲ್ಲಿವೆ. ಸ್ವಿಚ್ಚು ಎರಡು, ಕನ್ನಡಿ ಎರಡು, ಬಾಗಿಲಿಗೆ ಚಿಲಕ ಎರಡು. ಮೇಲಿನವು ನನಗೂ ಹೆಂಡತಿಗೂ, ಕೆಳಗಿನವು ಮಗಳಿಗೆ. ಹುಟ್ಟಿನಿಂದಲೇ ಅವಳ ಕೈಕಾಲಿನ ಎಲುಬುಗಳು ಗಿಡ್ಡ. ಹದಿನೈದು ತುಂಬಿದರೂ ಅವಳ ನೆತ್ತಿ ನನ್ನ ಸೊಂಟದಿಂದ ಒಂದಿಷ್ಟೇ ಮೇಲೆ. ನಾನು ಬಡಗಿ. ಬೀದಿಯ ಎತ್ತರ ನನ್ನ ಕೈಯಲ್ಲಿಲ್ಲ, ಮನೆಯದ್ದು ಇದೆ ಎಂದುಕೊಂಡು ಅವಳು ನಡೆಯಲು ಕಲಿತಾಗಿನಿಂದ ಒಂದೊಂದನ್ನೇ ಕೆಳಗಿಳಿಸುತ್ತ ಬಂದೆ. ಮೊದಲು ಮಾಡಿದ್ದು ಬಾಗಿಲ ಪಕ್ಕದ ಮರದ ಗೋಡೆಗೆ ಒಂದು ಕೊಕ್ಕೆ ಹಲಗೆ. ಶಾಲೆಯಿಂದ ಬಂದವಳು ಕಣ್ಣೆತ್ತದೆ ಚೀಲವನ್ನು ಅದಕ್ಕೆ ತಗುಲಿಸಿ, "ಬಂದೆ!" ಎಂದು ಕೂಗುತ್ತಾಳೆ. ಮನೆಮಂದಿಗೆಲ್ಲ ಹುಕುಂ ಮಾಡುವವಳಾದ್ದರಿಂದ ಅವಳಿಗೆ ಮೇಸ್ತ್ರಿ ಎಂದೇ ಹೆಸರು.

ಕಾಲು ಉದ್ದ ಮಾಡುವ ಆಪರೇಷನ್ನಿನ ಮಾತು ತೆಗೆದದ್ದೂ ಮೇಸ್ತ್ರಿಯೇ.

"ಮಾಡಿಸ್ಕೊಳ್ತೀನಿ ಅಂತ ಹೇಳ್ತಿಲ್ಲ. ಕೇಳ್ಕೊಂಡು ಬರೋಣ ಅಂತಿದೀನಿ. ಕೇಳೋಕೇನು ಕತ್ತರಿ ಹಾಕ್ತಾರಾ?"

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮುಖ ನೋಡದೆ ಅವಳೊಂದಿಗೇ ಮಾತಾಡಿದರು. ಮೊಣಕಾಲಿನ ಕೆಳಗೆ ಎಲುಬು ಕತ್ತರಿಸುತ್ತಾರೆ. ಕಾಲಿನ ಸುತ್ತ ಉಕ್ಕಿನ ಬಳೆಗಳ ಚೌಕಟ್ಟು ಕಟ್ಟಿ ಎಲುಬಿಗೆ ತಂತಿ ಪೋಣಿಸುತ್ತಾರೆ. ಆಮೇಲೆ ದಿನವೂ ನಟ್ಟು ತಿರುಗಿಸುತ್ತ ಎರಡು ತುಂಡುಗಳನ್ನು ಒಂದು ಮಿಲಿಮೀಟರಿನಷ್ಟು ದೂರ ಸರಿಸುತ್ತಾರೆ. ನಡುವಿನ ಖಾಲಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ತಿಂಗಳುಗಟ್ಟಲೆ ನೋವು, ವ್ಯಾಯಾಮ. ಸೋಂಕು ತಗುಲಬಹುದು, ನರ ಎಳೆಯಬಹುದು. ಒಂದನ್ನೂ ಮುಚ್ಚಿಡಲಿಲ್ಲ ಆಕೆ.

ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಒಂದು ಮಿಲಿಮೀಟರ್ ಎಂದರೆ ನಾನು ಹಲಗೆಯ ಮೇಲೆ ಎಳೆಯುವ ಮೊಂಡು ಪೆನ್ಸಿಲಿನ ಗೆರೆಯ ದಪ್ಪ. ಅಷ್ಟನ್ನು ಗರಗಸವೇ ತಿಂದುಬಿಡುತ್ತದೆ. ಕೊಯ್ದರೆ ಮರ ಗಿಡ್ಡವಾಗುತ್ತದೆ. ಕೊಯ್ದದ್ದು ಉದ್ದವಾಗುವುದನ್ನು ನನ್ನ ಕಸುಬಿನಲ್ಲಿ ಯಾರೂ ಕಂಡಿಲ್ಲ.

"ಬೇಗ ಬೇಗ ತಿರುಗಿಸಿದ್ರೆ?" ಎಂದಳು ಮೇಸ್ತ್ರಿ.

"ನಡುವೆ ಎಲುಬೇ ಬರಲ್ಲ. ಖಾಲಿ ಖಾಲಿಯಾಗೇ ಉಳಿಯುತ್ತೆ."

"ನಿಧಾನ ಮಾಡಿದ್ರೆ?"

"ಬೇಗ ಕೂಡ್ಕೊಂಡು ಗಟ್ಟಿಯಾಗ್ಬಿಡುತ್ತೆ, ಆಮೇಲೆ ಸರಿಯಲ್ಲ. ಅದರ ಹದ ಅದಕ್ಕೇ ಗೊತ್ತು ಪುಟ್ಟಾ. ನಾವು ಅದರ ಹಿಂದೆ ಹೋಗ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ನಿರ್ಧಾರ ಇವಳದ್ದು. ನೀವು ಸಾವಿರ ಸಲ ಹೂಂ ಅಂದ್ರೂ ಇವಳು ಬೇಡ ಅಂದ್ರೆ ನಾನು ಮುಟ್ಟಲ್ಲ."

ವಾರ್ಡಿನಲ್ಲಿ ಚೌಕಟ್ಟು ಹಾಕಿಸಿಕೊಂಡ ಹುಡುಗಿಯೊಬ್ಬಳಿದ್ದಳು. ನರ್ಸುಗಳು ಅವಳನ್ನು ಜಿರಾಫೆ ಎನ್ನುತ್ತಿದ್ದರು. ತಂತಿಗಳು ಚರ್ಮದೊಳಗೆ ಇಳಿದ ಜಾಗ ನೋಡಿ ನಾನು ಮುಖ ತಿರುಗಿಸಿದೆ. ಮೇಸ್ತ್ರಿ ಮಂಚಕ್ಕೆ ಗಲ್ಲ ಆನಿಸಿ ನಿಂತು ನೋಡಿದಳು.

"ನೋಯುತ್ತಾ?"

"ಮತ್ತೆ? ಕಚಗುಳಿ ಆಗುತ್ತಾ? ಕೆಲವು ದಿನ ಅಮ್ಮನಿಗೆಲ್ಲ ಬೈದುಬಿಡ್ತೀನಿ," ಎನ್ನುತ್ತ ಜಿರಾಫೆ ಪುಟ್ಟ ಸ್ಪ್ಯಾನರ್ ತೆಗೆದುಕೊಂಡು ತನ್ನ ನಟ್ಟನ್ನು ತಾನೇ ಒಂದಿಷ್ಟು ತಿರುಗಿಸಿದಳು. ಏನೂ ಸರಿದಂತೆ ಕಾಣಲಿಲ್ಲ. "ಆಯ್ತು, ಇಷ್ಟೇ. ಒಳಗೆ ಏನಾಗ್ತಿದೆ ನೋಡ್ತೀಯಾ?"

ನರ್ಸೊಬ್ಬರು ಅವಳ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದರು. ಎರಡು ಬಿಳಿ ತುಂಡುಗಳು, ನಡುವೆ ಕತ್ತಲು. ಆ ಕತ್ತಲಿನಲ್ಲಿ ಎರಡೂ ಕಡೆಯಿಂದ ಮಂಜಿನಂಥದ್ದೊಂದು ಎಳೆಎಳೆಯಾಗಿ ಹೊರಟಿತ್ತು. ನಾವು ದಿನವೂ ದೂರ ತಳ್ಳುತ್ತೇವೆ, ಅದು ದಿನವೂ ಕೈಚಾಚುತ್ತದೆ. ಬೇಸರವಿಲ್ಲ, ಸಿಟ್ಟಿಲ್ಲ. ನನಗೆ ಮೈ ಜುಮ್ಮೆಂದಿತು. ಪಕ್ಕಕ್ಕೆ ನೋಡಿದರೆ ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ತುಟಿ ಬಿಚ್ಚಲಿಲ್ಲ. ತನ್ನ ಮೊಣಕಾಲಿನ ಕೆಳಗೆ ಅಂಗೈ ಇಟ್ಟುಕೊಂಡು ಕೂತಿದ್ದಳು.

ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ. ಬಡಗಿಯ ಕೈ ಸುಮ್ಮನಿರುವುದಿಲ್ಲ. ಮರುದಿನ ಅವಳು ಶಾಲೆಗೆ ಹೋದದ್ದೇ ಕೊಕ್ಕೆ ಹಲಗೆ ಬಿಚ್ಚಿದೆ. ಕಾಲು ಎಷ್ಟು ಉದ್ದವಾಗಬಹುದೆಂದು ಡಾಕ್ಟರಮ್ಮ ಹೇಳಿದ್ದರೋ ಅಷ್ಟನ್ನು ಟೇಪಿನಲ್ಲಿ ಅಳೆದು ಮೇಲಕ್ಕೆ ಬಿಗಿದೆ. ಬೇಕರಿ ಕೆಲಸ ಮುಗಿಸಿ ಕೈಯೆಲ್ಲ ಹಿಟ್ಟಾಗಿ ಬಂದ ಹೆಂಡತಿ ನೋಡಿದಳು.

"ಏನ್ರೀ ಇದು?"

"ಅವಳಿಗೊಂದು ಧೈರ್ಯ ಬರ್ಲಿ ಅಂತ."

"ಧೈರ್ಯನಾ? ನೋಡ್ತಾ ಇರಿ, ಮೇಸ್ತ್ರಿ ಬಂದ್ಮೇಲೆ ನಿಮಗಿದೆ."

ಸಂಜೆ ಅವಳು ಬಂದಳು. ಕಣ್ಣೆತ್ತದೆ ಚೀಲ ತಗುಲಿಸಿದಳು. ಚೀಲ ದೊಪ್ಪೆಂದು ಅವಳ ಕಾಲ ಮೇಲೇ ಬಿತ್ತು. "ಬಂದೆ" ಎನ್ನುವ ಮಾತು ಅರ್ಧಕ್ಕೇ ನಿಂತಿತು. ಕುತ್ತಿಗೆ ಎತ್ತಿ ಹಲಗೆ ನೋಡಿದಳು, ಆಮೇಲೆ ನನ್ನನ್ನು.

"ಅಪ್ಪಾ, ಇಷ್ಟು ದಿನ ಇದನ್ನ ಕೆಳಗೆ ಇಟ್ಟಿದ್ದು ನಿನಗೆ ಕಷ್ಟ ಆಗ್ತಿತ್ತಾ?"

"ಅಯ್ಯೋ, ಇಲ್ಲ ಕಣಮ್ಮಾ..."

"ಮತ್ತೆ ಯಾಕಿಷ್ಟು ಅವಸರ? ಬೇಗ ಬೇಗ ತಿರುಗಿಸಿದ್ರೆ ಏನಾಗುತ್ತೆ ಅಂತ ಡಾಕ್ಟರಮ್ಮ ಹೇಳ್ಲಿಲ್ವಾ? ನೀನೂ ಅಲ್ಲೇ ಕೂತಿದ್ದೆ."

ಅವಳು ನನ್ನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟಳು.

"ಇಳಿಸು. ಎಲ್ಲಿತ್ತೋ ಅಲ್ಲಿಗೆ."

ಇಳಿಸಿದೆ. ಹಳೆಯ ತೂತುಗಳಲ್ಲೇ ಸ್ಕ್ರೂ ಕೂತಿತು. ಅವಳು ಚೀಲ ತಗುಲಿಸಿ, ಅದು ನಿಂತಿದೆಯೇ ಎಂದು ಎಳೆದು ನೋಡಿ, ಮಣೆಯ ಮೇಲೆ ಕೂತಳು.

"ಹಾಂ, ಈಗ ಕೇಳು," ಎಂದಳು. "ಮಾಡಿಸ್ಕೊಳ್ತೀನಿ."

ಹೆಂಡತಿ ಹಣೆ ಚಚ್ಚಿಕೊಂಡಳು. "ಮತ್ತೆ ಆ ಮನುಷ್ಯನ ಕೈಲಿ ಯಾಕೇ ಬಿಚ್ಚಿಸಿದ್ದು?"

"ಅಪ್ಪ ಏರಿಸಿದ್ದಕ್ಕೆ ಹೂಂ ಅಂದೆ ಅಂತ ಆಗ್ಬಾರದಲ್ಲಮ್ಮಾ. ಬೇಡ ಅಂದಿದ್ರೂ ಈ ಮನೇಲಿ ನನಗೇನೂ ಕಮ್ಮಿ ಇರ್ಲಿಲ್ಲ. ಆ ಮಂಜು ಇತ್ತಲ್ಲ, ನಿನ್ನೆಯಿಂದ ಅದೇ ಕಣ್ಮುಂದೆ. ಅದು ನನ್ನೊಳಗೂ ಹಾಗೆ ಮಾಡುತ್ತಾ ಅಂತ ನೋಡ್ಬೇಕು. ಭಯ ಆಗ್ತಿದೆ. ಆದ್ರೂ ನೋಡ್ಬೇಕು." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ನಟ್ಟು ಮಾತ್ರ ನಾನೇ ತಿರುಗಿಸೋದು. ಅಪ್ಪನ ಕೈಗೆ ಸ್ಪ್ಯಾನರ್ ಕೊಡ್ಬೇಡಿ," ಎಂದಳು.

ಮೂವರೂ ನಕ್ಕೆವು. ನಗುತ್ತಲೇ ನನ್ನ ಕಣ್ಣು ಮಂಜಾಯಿತು. ಇಷ್ಟು ವರ್ಷ ಲೋಕವನ್ನು ಇವಳ ಅಳತೆಗೆ ಕೊಯ್ದು ಕೊಟ್ಟವನು ನಾನು. ಇವಳೊಳಗೆ ಬೆಳೆಯುತ್ತಿದ್ದುದನ್ನು ಅಳೆಯುವ ಟೇಪು ನನ್ನ ಬಳಿ ಇರಲೇ ಇಲ್ಲ.

ಮುಖ ಮರೆಸಲು ಎದ್ದು, ಮರದ ಹುಡಿಗೆ ಅಂಟು ಕಲಸಿದೆ. ಮೇಲೆ ನಾನು ಕೊರೆದ ತೂತುಗಳು ಖಾಲಿ ಉಳಿದಿದ್ದವು. ಅವನ್ನು ತುಂಬಿ ಉಜ್ಜಿಬಿಟ್ಟರೆ ಗುರುತೂ ಉಳಿಯದು. ನಾನು ಬೆರಳೆತ್ತುವಷ್ಟರಲ್ಲಿ ಹಿಂದಿನಿಂದ ಹುಕುಂ ಬಂತು.

"ಅಪ್ಪಾ, ಅವು ಹಾಗೇ ಇರ್ಲಿ."